ಹಲ್ಲು ಕೀಳಿಸದ ಮನೆ

ನಮ್ಮ ಬೀದಿಯಲ್ಲಿ ಇವರನ್ನು ಹೆಸರು ಹಿಡಿದು ಕರೆಯುವವರು ಒಬ್ಬರೂ ಇಲ್ಲ. ಎಲ್ಲರ ಬಾಯಲ್ಲೂ ಇವರು ಮೊಳೆಬಾಯಿ. ಸೋಫಾ ಕುಸಿಯಲಿ, ಕುರ್ಚಿಯ ಬೆನ್ನು ಹರಿಯಲಿ, ಬಸ್ಸಿನ ಸೀಟು ಕಿತ್ತುಬರಲಿ, "ಮೊಳೆಬಾಯಿ ಹತ್ರ ಕೊಟ್ಬಿಡಿ" ಎನ್ನುತ್ತಾರೆ. ಮದುವೆಯಾದ ಹೊಸದರಲ್ಲಿ ಇದನ್ನು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಬ್ಬ ಗಿರಾಕಿ ನನ್ನನ್ನು "ಮೊಳೆಬಾಯಿ ಹೆಂಡ್ತಿ" ಎಂದು ಕರೆದನೆಂದು ಅವನ ಕುರ್ಚಿಯ ಕವರನ್ನು ಹೊಲಿಯದೆ ಮೂಲೆಗೆ ತಳ್ಳಿದ್ದೆ. ಇವರಿಗೆ ಮಾತ್ರ ಆ ಹೆಸರೆಂದರೆ ಒಳಗೊಳಗೇ ಹೆಮ್ಮೆ, ಏಕೆಂದರೆ ಇವರ ಅಪ್ಪನನ್ನೂ ಜನ ಹಾಗೆಯೇ ಕರೆಯುತ್ತಿದ್ದರಂತೆ.

ಹೆಸರು ಬಂದದ್ದು ಕೆಲಸದಿಂದ. ಕೆಲಸಕ್ಕೆ ಕೂತರೆಂದರೆ ಒಂದು ಚಿಟಿಕೆ ಸಣ್ಣ ಕರಿ ಮೊಳೆಗಳನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಒಂದು ಕೈ ಬಟ್ಟೆಯನ್ನು ಎಳೆದು ಹಿಡಿದಿರಬೇಕು, ಇನ್ನೊಂದು ಕೈಯಲ್ಲಿ ಸುತ್ತಿಗೆ, ಮೂರನೆಯ ಕೈಯನ್ನು ಯಾರಿಗೂ ಕೊಟ್ಟಿಲ್ಲವಲ್ಲ. ಆ ಕೆಲಸವನ್ನು ನಾಲಿಗೆ ಮಾಡುತ್ತದೆ. ಮೊಳೆಗಳನ್ನು ಒಂದೊಂದಾಗಿ ತಿರುಗಿಸಿ ತಲೆ ಮುಂದಾಗಿ ತುಟಿಯಂಚಿಗೆ ತಂದು ನಿಲ್ಲಿಸುತ್ತದೆ. ಸುತ್ತಿಗೆಯ ತುದಿಯಲ್ಲಿ ಅಯಸ್ಕಾಂತವಿದೆ. ಅದು ತುಟಿಯಿಂದ ಮೊಳೆಯನ್ನು ಕಚ್ಚಿಕೊಂಡು ಹೋಗಿ ಮರಕ್ಕೆ ಬಡಿಯುತ್ತದೆ. ನೋಡುತ್ತಾ ನಿಂತವರಿಗೆ ಮೊಳೆ ಎಲ್ಲಿಂದ ಬಂತೆಂಬುದೇ ಗೊತ್ತಾಗುವುದಿಲ್ಲ.

ಅಂಗಡಿ ಮುಂದೆ, ಮನೆ ಹಿಂದೆ. ಸೂರಿನವರೆಗೆ ಒಟ್ಟಿದ ಫೋಮ್ ಹಾಳೆಗಳು, ರೆಕ್ಸಿನ್ನಿನ ಘಾಟು, ಎಷ್ಟು ಗುಡಿಸಿದರೂ ಹೋಗದ ಹತ್ತಿಯ ಧೂಳು. ಕಿಟಕಿಯ ಪಕ್ಕ ನನ್ನ ಹೊಲಿಗೆ ಯಂತ್ರ. ಕವರು ನನ್ನದು, ಮೊಳೆ ಇವರದು. ಬಾಯಲ್ಲಿ ಮೊಳೆ ಇದ್ದಾಗ ಇವರಿಗೆ ಮಾತಾಡಲು ಬರುವುದಿಲ್ಲ, ಮೂಗಿನಲ್ಲಿ ಒಂದು "ಹ್ಞೂಂ" ಅಷ್ಟೆ. ಜಗಳ ತೆಗೆಯಬೇಕೆಂದರೆ ನಾನು ಆ ಹೊತ್ತನ್ನೇ ನೋಡಿ ಶುರು ಮಾಡುತ್ತಿದ್ದೆ. ಇವರು ಮೊಳೆಗಳನ್ನೆಲ್ಲ ಅಂಗೈಗೆ ಉಗಿದು ಉತ್ತರ ಕೊಡುವಷ್ಟರಲ್ಲಿ ನಾನು ಒಳಗೆ ಹೋಗಿ ಒಲೆ ಹಚ್ಚಿರುತ್ತಿದ್ದೆ.

ನಗುವ ವಿಷಯ ಇಷ್ಟೇ. ಉಳಿದದ್ದೆಲ್ಲ ಹೆದರಿಕೆಯ ವಿಷಯ.

ಮೊದಲ ಸಲ ನಾನು ಈ ಮನೆಗೆ ಬಂದಾಗ ನಮ್ಮತ್ತೆ ಏನೇನೋ ತಮಾಷೆ ಹೇಳಿ ನನ್ನನ್ನು ನಗಿಸಿದರು. ಒಳ್ಳೆಯ ಹೆಂಗಸು ಎಂದುಕೊಂಡೆ. ಆಮೇಲೆ ತಿಳಿಯಿತು, ಅವರು ನಗಿಸಿದ್ದು ನನ್ನ ಹಲ್ಲು ನೋಡಲು. ಕುದುರೆ ಕೊಳ್ಳುವವರ ಹಾಗೆ ನೋಡಿ, "ಸದ್ಯ, ಗಟ್ಟಿಯಾಗಿವೆ" ಎಂದು ನಿಟ್ಟುಸಿರು ಬಿಟ್ಟಿದ್ದರು. ಮದುವೆಯಾದ ಮೇಲೆ ಒಂದು ದಿನ ಒಳಗೆ ಕೂರಿಸಿಕೊಂಡು ಮನೆಯ ಗುಟ್ಟು ಹೇಳಿದರು.

"ನೋಡಮ್ಮ, ಈ ಮನೆ ಗಂಡಸ್ರಿಗೆ ನಲವತ್ತಕ್ಕೆಲ್ಲ ವಸಡಲ್ಲಿ ರಕ್ತ ಬರುತ್ತೆ, ಹಲ್ಲು ಅಲುಗಾಡುತ್ತೆ. ಅಲುಗಾಡಿದ್ರೆ ಅಲುಗಾಡ್ಲಿ, ಬಿದ್ರೆ ಬೀಳ್ಲಿ. ಕೀಳಿಸೋಕೆ ಮಾತ್ರ ಬಿಡ್ಬೇಡ. ಕೀಳಿಸ್ಕೊಂಡೋರು ಯಾರೂ ಉಳಿದಿಲ್ಲ."

ಇವರ ಅಜ್ಜ ಹಲ್ಲು ಕೀಳಿಸಿಕೊಂಡು ಬಂದ ಮೇಲೆ ಹೆಚ್ಚು ಕಾಲ ಬಾಳಲಿಲ್ಲ, ಎದೆ ಹಿಡಿದುಕೊಂಡು ಹೋದರು. ನಮ್ಮ ಮಾವ ಎರಡು ದವಡೆ ಹಲ್ಲು ಕೀಳಿಸಿಕೊಂಡು ಮತ್ತೆ ಕೆಲಸಕ್ಕೆ ಕೂತವರು, ಅರ್ಧ ಮೊಳೆ ಹೊಡೆದಿದ್ದ ಕುರ್ಚಿಯ ಮೇಲೇ ಒರಗಿಬಿಟ್ಟರು. ಮೊಳೆಗಳು ಬಾಯಲ್ಲೇ ಇದ್ದವಂತೆ. ಅವನ್ನು ಹೆಕ್ಕಿ ತೆಗೆದವರು ನಮ್ಮತ್ತೆ.

ನಾನು ಆಗ ಹುಡುಗಿ, ಬಾಯಿ ಜಾಸ್ತಿ. "ಅದಕ್ಕೂ ಇದಕ್ಕೂ ಏನತ್ತೆ ಸಂಬಂಧ? ಮೊಳೆ ಬಾಯಲ್ಲಿಟ್ಕೊಂಡ್ರೆ ಹಲ್ಲು ಹಾಳಾಗದೆ ಇರುತ್ತಾ?" ಎಂದೆ. ಅತ್ತೆ ಮತ್ತೆ ಆ ಮಾತೆತ್ತಲಿಲ್ಲ. ನಾನು ಗೆದ್ದೆ ಎಂದುಕೊಂಡೆ.

ನನ್ನ ಬಾಯಿ ಮುಚ್ಚಿಸಿದವರು ನಮ್ಮ ಭಾವ, ಇವರ ಅಣ್ಣ. ಅವರಿಗೆ ನೀರಿನ ಮೀಟರ್ ಓದುವ ಕೆಲಸ. ಜನ್ಮದಲ್ಲಿ ಒಂದು ಮೊಳೆ ಬಾಯಿಗಿಟ್ಟವರಲ್ಲ, ಬೀಡಿ ಸಿಗರೇಟು ಮುಟ್ಟಿದವರಲ್ಲ. ಆದರೂ ಅವರ ಹಲ್ಲುಗಳು ಅಲುಗಾಡಿದವು. ಅವರು ಅತ್ತೆಯ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಮುಂದಿನ ಮೂರು ಹಲ್ಲು ಕೀಳಿಸಿಕೊಂಡು ನೆಟ್ಟಗೆ ನಮ್ಮ ಅಂಗಡಿಗೆ ಬಂದರು. ಬಾಯಲ್ಲಿ ಹತ್ತಿ. "ನೋಡ್ರೋ, ಇನ್ನೂ ಬದುಕಿದ್ದೀನಿ!" ಎಂದು ಎದೆ ತಟ್ಟಿಕೊಂಡರು. ಆಗಿನ್ನೂ ಶಾಲೆಗೆ ಹೋಗುತ್ತಿದ್ದ ನನ್ನ ಮಗಳು ಅವರ ತೊಡೆಯೇರಿ "ದೊಡ್ಡಪ್ಪ, ಹತ್ತಿ ತೋರ್ಸು, ಹತ್ತಿ ತೋರ್ಸು" ಎಂದು ಪೀಡಿಸಿದಳು. ಕೆಲವೇ ವಾರಗಳಲ್ಲಿ ಯಾವುದೋ ಕಟ್ಟಡದ ಮೆಟ್ಟಿಲ ಮೇಲೆ ಭಾವ ಕುಸಿದರು. ಮೇಲಿನ ಮನೆಯವರು ನೀರು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವತ್ತಿನಿಂದ ನಾನೂ ಬಾಯಿ ಮುಚ್ಚಿಕೊಂಡೆ. ಒಬ್ಬರು ಸತ್ತರೆ ಏನೋ ಆಯಿತು ಎನ್ನಬಹುದು. ಮೂವರು ಸತ್ತರೆ ಎಂಥ ಗಟ್ಟಿಗಿತ್ತಿಯ ಎದೆಯೂ ಅದುರುತ್ತದೆ. ಬೀದಿಯ ಆ ತುದಿಯಲ್ಲಿ ಔಷಧಿ ಅಂಗಡಿಯ ಮೇಲೆ ಹಲ್ಲಿನ ಡಾಕ್ಟರು ಬೋರ್ಡು ಹಾಕಿದಾಗ ನಾನು ಬೇರೆ ದಾರಿ ಹಿಡಿದು ತರಕಾರಿಗೆ ಹೋಗುತ್ತಿದ್ದೆ. ನಗಬೇಡಿ, ನಿಜ ಹೇಳುತ್ತಿದ್ದೇನೆ.

ಇವರಿಗೆ ನಲವತ್ತೇಳು ತುಂಬಿದ ವರ್ಷ ಒಬ್ಬರ ಸೋಫಾ ಬಂತು. ಕೆನೆ ಬಣ್ಣದ ಬಟ್ಟೆ, ಮುಟ್ಟಿದರೆ ಕೊಳೆಯಾಗುವಂಥದ್ದು. ನಾನು ಕವರು ಹೊಲಿದು ಕೊಟ್ಟೆ, ಇವರು ಮೊಳೆ ಹೊಡೆದು ಮುಗಿಸಿದರು. ಸಂಜೆ ಅದರ ಮೇಲೆ ಹಳೆ ಬಟ್ಟೆ ಹೊದಿಸಲು ಹೋದಾಗ ನೋಡಿದೆ. ಅಂಚಿನುದ್ದಕ್ಕೂ ಸಾಸಿವೆಯಷ್ಟಷ್ಟು ಕೆಂಪು ಚುಕ್ಕೆಗಳು. ಮೊಳೆಯ ಜೊತೆಗೇ ಬಾಯಿಂದ ಬಂದ ರಕ್ತ.

"ಏನ್ರೀ ಇದು?"

"ಬೆರಳು ಚುಚ್ಚಿತ್ತು" ಎಂದರು, ಮುಖ ಆ ಕಡೆ ತಿರುಗಿಸಿ.

ಬೆರಳಲ್ಲಿ ಗಾಯವಿರಲಿಲ್ಲ. ತಣ್ಣೀರಿನಲ್ಲಿ ಬಟ್ಟೆ ಅದ್ದಿ ಒಂದೊಂದೇ ಚುಕ್ಕೆಯನ್ನು ಒರೆಸುತ್ತಾ ಕೂತೆ. ಆಮೇಲೆ ಗಮನಿಸತೊಡಗಿದೆ. ಸೇಬನ್ನು ಕಚ್ಚುವುದು ಬಿಟ್ಟು ಚಾಕುವಿನಿಂದ ಹೆಚ್ಚಿಕೊಳ್ಳುತ್ತಿದ್ದರು. ಬ್ರೆಡ್ಡನ್ನು ಚಹಾದಲ್ಲಿ ನೆನೆಸದೆ ತಿನ್ನುತ್ತಿರಲಿಲ್ಲ. ನಗು ಬಂದರೆ ಕೈ ಅಡ್ಡ ಹೋಗುತ್ತಿತ್ತು. ನಾನು ಕಂಡೂ ಕಾಣದ ಹಾಗಿದ್ದೆ, ಇವರು ನೋವಿದ್ದೂ ಇಲ್ಲದ ಹಾಗಿದ್ದರು. ಇಬ್ಬರಿಗೂ ಒಂದೇ ಲೆಕ್ಕ. ಹಲ್ಲಿಗೆ ಕೈ ಹಾಕದಿದ್ದರೆ ಜೀವ ಇರುತ್ತದೆ.

ಮಗಳಿಗೆ ಹತ್ತೊಂಬತ್ತು. ಓದು ಸಾಕೆಂದು ಅಂಗಡಿಗೆ ಬಂದು ಕೂತವಳು, ಹಠ ಹಿಡಿದು ಅಪ್ಪನ ಕೆಲಸ ಕಲಿತಳು. ಸ್ಪ್ರಿಂಗ್ ಕಟ್ಟುವುದು, ಪಟ್ಟಿ ಬಿಗಿಯುವುದು ಎಲ್ಲ ಬಂತು. ಕೊನೆಗೆ "ಅಪ್ಪಾ, ಮೊಳೆ ಹೊಡೆಯೋದು ಹೇಳ್ಕೊಡಿ" ಎಂದು ಬೆನ್ನು ಹತ್ತಿದಳು. ಇವರು ಮೊದಲು ಬೇಡವೆಂದರೂ ಆಮೇಲೆ ಕರಗಿದರು. ಒಬ್ಬಳೇ ಮಗಳು, ಯಾವುದನ್ನು ಬೇಡವೆಂದು ನಿಂತಿದ್ದರು ಹೇಳಿ. ಮೊಳೆಗಳನ್ನು ಬಿಸಿನೀರಲ್ಲಿ ಕುದಿಸಿ ಆರಿಸಿ ನಾಲ್ಕೇ ನಾಲ್ಕನ್ನು ಅವಳ ಅಂಗೈಗೆ ಹಾಕಿದರು.

"ನುಂಗ್ಬಿಟ್ಟೀಯಾ, ಹುಷಾರು. ನಾಲಿಗೆ ಕೆಳಗಲ್ಲ, ಕೆನ್ನೆ ಪಕ್ಕ ಇಟ್ಕೋ."

ಅವಳು ನಾಲಿಗೆಯಿಂದ ಮೊದಲ ಮೊಳೆಯನ್ನು ತುಟಿಗೆ ತಂದಳು. ನಾನು ಯಂತ್ರ ನಿಲ್ಲಿಸಿ ನೋಡುತ್ತಿದ್ದೆ. ಇವರೇ ಸುತ್ತಿಗೆ ಹಿಡಿದು ಆ ಮೊಳೆಯನ್ನು ಎತ್ತಿಕೊಂಡರು. ಎತ್ತಿಕೊಂಡವರು ಬಡಿಯಲಿಲ್ಲ. ಸುತ್ತಿಗೆಯ ತುದಿಯನ್ನು ಬೆಳಕಿಗೆ ಹಿಡಿದು ಹಾಗೇ ನಿಂತರು. ಮೊಳೆ ಕೆಂಪಾಗಿತ್ತು.

"ಉಗಿ" ಎಂದರು.

"ಯಾಕಪ್ಪಾ?"

"ಉಗಿಯೇ!" ಇವರು ಮಗಳ ಮೇಲೆ ಕಿರುಚಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಉಳಿದ ಮೂರು ಮೊಳೆಗಳನ್ನೂ ಅವಳು ಇವರ ಅಂಗೈಗೆ ಉಗಿದಳು. ಅವೂ ಕೆಂಪು.

ನಾನು ಎದ್ದು ಹೋಗಿ ಅವಳ ತುಟಿ ಎತ್ತಿ ನೋಡಿದೆ. ಮುಂದಿನ ಎರಡು ಹಲ್ಲುಗಳ ನಡುವೆ ಮೊದಲಿಲ್ಲದ ಸಂದಿ. ವಸಡು ಊದಿಕೊಂಡು ನೇರಳೆ ಬಣ್ಣಕ್ಕೆ ತಿರುಗಿತ್ತು. ಬೆರಳು ತಾಗಿದ್ದಕ್ಕೇ ರಕ್ತ ಒಸರಿತು. ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದರೆ ಅವಳು ತಲೆ ತಗ್ಗಿಸಿದಳು. ಅವಳೂ ಅಪ್ಪನ ಹಾಗೆಯೇ ಮುಚ್ಚಿಟ್ಟುಕೊಂಡಿದ್ದಳು. ನಗುವಾಗ ಅವಳ ಕೈ ಅಡ್ಡ ಹೋಗುವುದನ್ನು ನಾಚಿಕೆ ಎಂದು ತಿಳಿದುಕೊಂಡ ನನ್ನ ಬುದ್ಧಿಗೆ ಏನು ಹೇಳಲಿ?

ಹೆಣ್ಣುಮಕ್ಕಳಿಗೆ ಇದು ಬರುವುದಿಲ್ಲ ಎಂದು ಈ ಮನೆಯಲ್ಲಿ ಎಲ್ಲರೂ ನಂಬಿದ್ದರು. ಮಗಳು ಹುಟ್ಟಿದ ದಿನ, ಆಗಿನ್ನೂ ಬದುಕಿದ್ದ ಅತ್ತೆ "ಹೆಣ್ಣಾಯ್ತು, ಬದುಕ್ಕೊಂಡ್ತು" ಎಂದು ಅತ್ತಿದ್ದರು. ಯಾಕೆ ಬರುವುದಿಲ್ಲ ಎಂದು ಯಾರೂ ಯೋಚಿಸಿರಲಿಲ್ಲ. ಅಜ್ಜನಿಗೆ ಅಕ್ಕತಂಗಿಯರಿರಲಿಲ್ಲ, ಮಾವನಿಗೆ ಇರಲಿಲ್ಲ, ಇವರಿಗೂ ಇಲ್ಲ. ಬರಲು ಈ ಮನೆಯಲ್ಲಿ ಹೆಣ್ಣೇ ಹುಟ್ಟಿರಲಿಲ್ಲ.

"ಡಾಕ್ಟ್ರಿಗೆ ತೋರ್ಸೋಣ" ಎಂದೆ. ಮಾತು ನನ್ನ ಬಾಯಿಂದ ತಾನಾಗಿ ಬಿತ್ತು.

"ನನ್ನ ಹೆಣ ಬಿದ್ಮೇಲೆ ಕರ್ಕೊಂಡು ಹೋಗು" ಎಂದರು ಇವರು.

ಅದಕ್ಕೆ ನಾನು ಉತ್ತರ ಕೊಡುತ್ತಿದ್ದೆ. ಆದರೆ ಮಗಳು ಗೋಡೆಗೆ ಒತ್ತಿಕೊಂಡು ನಿಂತಿದ್ದಳು, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು. "ಅಮ್ಮಾ, ಬೇಡಮ್ಮಾ. ದೊಡ್ಡಪ್ಪನ ಥರ ನನ್ನೂ ಸಾಯಿಸ್ಬೇಕು ಅಂತಿದೀಯಾ?" ಎಂದಳು.

ಆ ವಾರವೆಲ್ಲ ಮನೆಗೆ ಗರ ಬಡಿದಂತಿತ್ತು. ಅವಳು ಗಂಜಿಯಂಥದ್ದನ್ನು ಬಿಟ್ಟು ಬೇರೇನೂ ತಿನ್ನಲಿಲ್ಲ. ಇವರು ಅವಳು ಬಾಯಿ ಮುಕ್ಕಳಿಸಿದ ನೀರನ್ನು ಕದ್ದು ನೋಡುತ್ತಿದ್ದರು. ನಾನು ಇಬ್ಬರನ್ನೂ ನೋಡುತ್ತಿದ್ದೆ. ಕೊನೆಗೆ ಒಂದು ಮಧ್ಯಾಹ್ನ ದಾರ ತರುತ್ತೇನೆಂದು ಹೇಳಿ ಹೊರಟವಳು ಔಷಧಿ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದೆ.

ಡಾಕ್ಟರು ನನ್ನ ವಯಸ್ಸಿನ ಹೆಂಗಸು. ನನ್ನನ್ನು ಕುರ್ಚಿಯಲ್ಲಿ ಒರಗಿಸಿ ಬಾಯಿಯೆಲ್ಲ ನೋಡಿದರು. "ನಿಮ್ಮ ಹಲ್ಲು ಕಲ್ಲಿನ ಹಾಗಿವೆಯಲ್ರೀ, ಯಾಕೆ ಬಂದ್ರಿ?" ಎಂದರು. ಅಷ್ಟಕ್ಕೇ ನನಗೆ ಅಳು ಕಿತ್ತುಕೊಂಡು ಬಂತು. ಆ ಒರಗಿದ ಭಂಗಿಯಲ್ಲೇ, ಬಾಯಿಗೆ ಹಾಕಿದ ಬೆಳಕು ಕಣ್ಣಿಗೆ ಬೀಳುತ್ತಿದ್ದ ಹಾಗೆಯೇ, ಅಜ್ಜನಿಂದ ಹಿಡಿದು ಮಗಳವರೆಗೆ ಎಲ್ಲವನ್ನೂ ಒದರಿದೆ. ನಗುತ್ತಾರೇನೋ ಎಂದುಕೊಂಡಿದ್ದೆ. ಅವರು ಸ್ಟೂಲನ್ನು ಹತ್ತಿರ ಎಳೆದುಕೊಂಡು ಕೂತರು.

"ಹಲ್ಲಿನ ಸಂದಿಯ ಕ್ರಿಮಿ ಎಲ್ಲರ ಬಾಯಲ್ಲೂ ಇರುತ್ತೆ, ನಿಮ್ಮಲ್ಲೂ ಇದೆ, ನನ್ನಲ್ಲೂ ಇದೆ. ಅದನ್ನ ಓಡ್ಸೋಕೆ ಮೈ ಒಂದು ಸಣ್ಣ ಬೆಂಕಿ ಹಚ್ಚುತ್ತೆ ಅಂದ್ಕೊಳ್ಳಿ. ಉರಿಯೂತ ಅಂತೀವಿ. ನಿಮ್ಮಲ್ಲಿ ಕೆಲಸ ಮುಗಿದ್ಮೇಲೆ ಅದು ಆರುತ್ತೆ. ಕೆಲವು ಮನೆತನದೋರಲ್ಲಿ ಬೇಗ ಆರಲ್ಲ. ಕ್ರಿಮಿಗಿಂತ ಆ ಉರಿನೇ ವಸಡನ್ನೂ ಹಲ್ಲು ಹಿಡಿದಿರೋ ಮೂಳೆನೂ ತಿಂದು ಹಾಕುತ್ತೆ. ಅಂಥವರ ಎದೆಯ ರಕ್ತನಾಳದ ಒಳಗೋಡೆಯಲ್ಲೂ ಅದೇ ಥರ ಉರಿ ಇರಬಹುದು. ಎರಡು ಕಾಯಿಲೆಗೂ ಹುಟ್ಟಿನಿಂದ ಬಂದ ಕೆಲವು ಜೀನುಗಳು ಒಂದೇ ಅಂತ ಕಂಡುಕೊಂಡಿದ್ದಾರೆ."

"ಅಂದ್ರೆ ಹಲ್ಲು ಕಿತ್ತಿದ್ದಕ್ಕೆ ಸತ್ತಿದ್ದಲ್ವಾ?"

"ಹಲ್ಲು ಕೀಳ್ಬೇಕಾದ ಸ್ಥಿತಿಗೆ ಬರೋ ಹೊತ್ತಿಗೆ ಎದೆನೂ ಆ ಸ್ಥಿತಿಗೆ ಬಂದಿತ್ತು ಅನ್ಸುತ್ತೆ. ಅವರನ್ನ ನಾನು ನೋಡಿಲ್ಲ, ಖಂಡಿತ ಅನ್ನಲ್ಲ. ನಿಮ್ಮ ಮನೆಯವರು ಕಂಡಿದ್ದು ಸುಳ್ಳಲ್ಲಮ್ಮ. ಒಂದರ ಹಿಂದೆ ಒಂದು ಬಂದಿದ್ದನ್ನ ಒಂದರಿಂದ ಇನ್ನೊಂದಾಯ್ತು ಅಂದ್ಕೊಂಡಿದ್ದಾರೆ ಅಷ್ಟೆ."

"ವಸಡು ಸರಿ ಮಾಡಿದ್ರೆ ಎದೆನೂ ಸರಿಯಾಗುತ್ತಾ?"

"ಆ ಮಾತು ಕೊಡಕ್ಕಾಗಲ್ಲ. ವಸಡಿನ ಉರಿ ತಗ್ಗಿಸ್ತೀನಿ, ಉಳಿಯೋ ಹಲ್ಲು ಉಳಿಸ್ತೀನಿ. ಎದೆಗೆ ಎದೆ ಡಾಕ್ಟ್ರೇ ಬೇಕು. ಆದ್ರೆ ಮಗಳ ವಯಸ್ಸಿಗೆ ಇದು ತುಂಬಾ ಬೇಗ. ತಡ ಮಾಡಿದಷ್ಟೂ ಮೂಳೆ ಹೋಗುತ್ತೆ. ಹೋದ ಮೂಳೆ ಸುಲಭವಾಗಿ ವಾಪಸ್ ಬರಲ್ಲ."

ಹೋಗುವಾಗ ಒಂದು ಹೆದರಿಕೆ ಇತ್ತು, ಬರುವಾಗ ಎರಡಾದವು. ಮೊದಲಾದರೆ ಡಾಕ್ಟರ ಕುರ್ಚಿಯಿಂದ ದೂರವಿದ್ದರೆ ಸಾಕಿತ್ತು. ಈಗ ಓಡಿಹೋಗಲು ಜಾಗವೇ ಇಲ್ಲ, ಅದು ಮೈಯೊಳಗೇ ಇದೆ. ಮನೆಗೆ ಬಂದು ಇವರ ಮುಂದೆ ಎಲ್ಲ ಹೇಳಿದೆ. ಇವರು ಮೊಳೆ ಉಗಿದು ಕೇಳಿಸಿಕೊಂಡರು. ಕೊನೆಗೆ ಗಿರಾಕಿಗಳ ಹಾಗೆ ಒಂದೇ ಪ್ರಶ್ನೆ ಕೇಳಿದರು.

"ಗ್ಯಾರಂಟಿ ಕೊಡ್ತಾರಾ?"

"ಇಲ್ಲ."

"ಮತ್ತೆ?"

ನನ್ನ ಪಿತ್ತ ನೆತ್ತಿಗೇರಿತು. "ಮತ್ತೆ ಅಂದ್ರೆ? ನೀವು ಹೇಳಿದ್ದನ್ನೇ ಕೇಳ್ಕೊಂಡು ಅವಳು ಬೆಳೆದಿರೋದು. ನಾನು ಎಷ್ಟು ಕೂಗ್ಕೊಂಡ್ರೂ ಅವಳು ಬರಲ್ಲ. ನೀವು ಆ ಕುರ್ಚಿ ಮೇಲೆ ಕೂರೋವರೆಗೂ ಅವಳು ಕೂರಲ್ಲ. ಹತ್ತೊಂಬತ್ತಕ್ಕೆ ಬೊಚ್ಚುಬಾಯಿ ಆಗ್ಲಿ ಅಂತೀರಾ? ಆಮೇಲೆ ಅವಳ ಎದೆ?" ಎಂದೆ. ಎದೆ ಎಂಬ ಮಾತು ಬಂದದ್ದೇ ಇವರು ಮೊಳೆಗಳನ್ನು ಡಬ್ಬಿಗೆ ಸುರಿದು ಎದ್ದುಬಿಟ್ಟರು.

ಮರುದಿನದಿಂದ ಇವರು ಬೇರೆಯೇ ಆದರು. ಅರ್ಧ ಮಾಡಿಟ್ಟಿದ್ದ ಕುರ್ಚಿಗಳನ್ನೆಲ್ಲ ಎಳೆದು ಹಾಕಿಕೊಂಡು ಬಿಡುವಿಲ್ಲದೆ ಮುಗಿಸತೊಡಗಿದರು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಳ್ಳೆಯ ಫೋಮ್ ಯಾವುದು, ಒತ್ತಿದರೆ ಹೇಗೆ ತಿಳಿಯುತ್ತದೆ, ಯಾವ ಮರದಲ್ಲಿ ಮೊಳೆ ನಿಲ್ಲುವುದಿಲ್ಲ ಎಂದು ಹೇಳಿಕೊಟ್ಟರು. ಮೊಳೆ ಬಾಯಿಗಿಡದೆ ಕೆಲಸ ಮಾಡಲೆಂದು ಅವಳಿಗೊಂದು ಸ್ಟೇಪಲ್ ಗನ್ ತಂದುಕೊಟ್ಟರು. ಇಷ್ಟು ವರ್ಷ ಅದನ್ನು ಕಂಡರೆ ಮುಖ ಸಿಂಡರಿಸುತ್ತಿದ್ದವರು. ಏನೋ ಒಳ್ಳೆಯ ಬುದ್ಧಿ ಬಂತಲ್ಲ ಎಂದು ನನಗೆ ಮೊದಮೊದಲು ಖುಷಿಯಾಗಿತ್ತು. ಒಂದು ಬೆಳಿಗ್ಗೆ ಕ್ಷೌರ ಮಾಡಿಕೊಂಡು, ಮದುವೆ ಮನೆಗೆ ಹಾಕುವ ಅಂಗಿ ತೊಟ್ಟು, ಅಂಗಡಿಯ ಬೀಗದ ಕೈಯನ್ನು ಮಗಳ ಕೈಗಿಟ್ಟಾಗ ನನಗೆ ಅರ್ಥವಾಯಿತು. ಇವರು ಸಾಯಲು ತಯಾರಾಗಿದ್ದರು.

"ನಡೀರಿ. ಮೊದ್ಲು ನಾನು ಕೂತ್ಕೋತೀನಿ. ಪುಟ್ಟಿ ನೋಡ್ಲಿ" ಎಂದರು. ನಾನು ಹೇಳಿದ ಬೆಂಕಿ, ಜೀನು ಯಾವುದನ್ನೂ ಇವರು ನಂಬಿರಲಿಲ್ಲ. ಕೂತರೆ ಸಾಯುತ್ತೇನೆ ಎಂದು ಖಾತ್ರಿಯಿದ್ದೂ ಕೂರಲು ಹೊರಟಿದ್ದರು. ನನಗೆ ಬೈಯಬೇಕೋ ಕಾಲು ಹಿಡಿಯಬೇಕೋ ತಿಳಿಯಲಿಲ್ಲ.

ಆ ಮೆಟ್ಟಿಲು ಹತ್ತುವಾಗ ಇವರು ಅರ್ಧದಲ್ಲಿ ನಿಂತರು. ಪಕ್ಕದ ಕಂಬಿಯ ಬಣ್ಣ ಎದ್ದಿರುವುದನ್ನು ನೋಡುವವರ ಹಾಗೆ ನಟಿಸಿದರು. ಹಣೆಯಲ್ಲಿ ಬೆವರು. ಹೆದರಿಕೆಯಿಂದ ಎಂದುಕೊಂಡೆ.

ಕುರ್ಚಿಯಲ್ಲಿ ಒರಗಿದ ಕೂಡಲೇ ಇವರ ಕೈ ಅದರ ಅಂಚನ್ನು ತಡವಿತು. "ಈ ಹೊಲಿಗೆ ಯಾರು ಹಾಕಿದ್ದು? ಬಿಟ್ಟೋಗಿದೆ" ಎಂದರು. ಮಗಳು ಬಾಗಿಲಲ್ಲಿ ನನ್ನ ತೋಳನ್ನು ಉಗುರು ನಾಟುವಂತೆ ಹಿಡಿದು ನಿಂತಿದ್ದಳು. ಡಾಕ್ಟರು ಬೆರಳಿನಿಂದ ವಸಡು ಒತ್ತಿದರು, ಕೀವು ಬಂತು. ಒಂದು ಹಲ್ಲನ್ನು ಅಲುಗಿಸಿ ನೋಡಿದರು. ಇವರು ಕಣ್ಣು ಮುಚ್ಚಿಕೊಂಡರು. ಆದರೆ ಡಾಕ್ಟರು ಇಕ್ಕಳ ತೆಗೆಯಲಿಲ್ಲ.

"ಮೆಟ್ಟಿಲು ಹತ್ತಿದ್ರೆ ಎದೆಯಲ್ಲಿ ಏನಾದ್ರೂ ಆಗುತ್ತಾ?"

ಇವರು ಕುರ್ಚಿಯ ಬಿಟ್ಟ ಹೊಲಿಗೆಯೊಳಗೆ ಬೆರಳು ತೂರಿಸಿದರು.

"ಭಾರ ಇಟ್ಟ ಹಾಗೆ? ದವಡೆವರೆಗೆ ನೋವು?"

"ಅದು... ಹಲ್ಲಿಂದು" ಎಂದರು ಇವರು. "ಈಗೀಗ ಮೆಟ್ಟಿಲು ಹತ್ತಿದ್ರೆ ಹಲ್ಲು ನೋಯುತ್ತೆ."

ಡಾಕ್ಟರು ಕೈಗವಸು ಬಿಚ್ಚಿದರು. "ಇವತ್ತು ನಾನು ನಿಮ್ಮ ಹಲ್ಲು ಮುಟ್ಟಲ್ಲ. ಮೊದ್ಲು ಎದೆ ತೋರಿಸ್ಕೊಂಡು ಬನ್ನಿ. ನಾಳೆ ಅಲ್ಲ, ಈಗಲೇ." ಅವರು ಅಲ್ಲಿಂದಲೇ ಆಸ್ಪತ್ರೆಗೆ ಫೋನ್ ಮಾಡಿದರು.

"ನೋಡಿದ್ಯಾ? ಅವರಿಗೂ ಭಯ" ಎಂದು ಇವರು ಆಟೋದಲ್ಲಿ ನನ್ನ ಕಿವಿಯಲ್ಲಿ ಹೇಳಿದರು. ಮೆಟ್ಟಿಲು ಹತ್ತಿದರೆ ಹಲ್ಲು ನೋಯುವ ಕಾಯಿಲೆಯನ್ನು ನಾನು ಎಲ್ಲೂ ಕೇಳಿರಲಿಲ್ಲ.

ಆಸ್ಪತ್ರೆಯಲ್ಲಿ ಎದೆ ಪರೀಕ್ಷೆಗೆಂದು ಟ್ರೆಡ್‌ಮಿಲ್ಲಿನ ಓಡುವ ಪಟ್ಟಿಯ ಮೇಲೆ ನಿಲ್ಲಿಸಿ ನಡೆಸಿದರು. ಸ್ವಲ್ಪ ಹೊತ್ತಿಗೇ ಯಾರೋ ಪಟ್ಟಿ ನಿಲ್ಲಿಸಿ ಇವರನ್ನು ಹಿಡಿದು ಮಲಗಿಸಿದರು. ಮನೆಗೆ ಕಳಿಸುವುದಿಲ್ಲ ಎಂದರು. ಎದೆಯ ಎರಡು ರಕ್ತನಾಳ ಮುಚ್ಚುತ್ತಾ ಬಂದಿದ್ದವು. ಒಳಗೆ ನಾಳ ತೆರೆದಿಡುವ ಸ್ಟೆಂಟ್ ಕೂರಿಸುವಾಗ ನಾನೂ ಮಗಳೂ ಹೊರಗೆ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತಿದ್ದೆವು. ನನ್ನ ತಲೆಯಲ್ಲಿ ಒಂದೇ ಮಾತು ಓಡುತ್ತಿತ್ತು. ಕರೆದುಕೊಂಡು ಹೋದವಳು ನಾನು. ನಾನೇ ಇವರನ್ನು ಕೊಂದೆ. ಆ ಬಾಗಿಲು ತೆಗೆದಾಗೆಲ್ಲ ಎದ್ದು ನಿಲ್ಲುತ್ತಿದ್ದೆ.

ಇವರು ಬದುಕಿ ಬಂದರು. ಎರಡನೆಯ ದಿನ ನಮ್ಮನ್ನು ಒಳಗೆ ಬಿಟ್ಟಾಗ ಇವರ ಮುಖ ಸುಣ್ಣದ ಹಾಗಿತ್ತು. ಕಣ್ಣು ಬಿಟ್ಟವರೇ ಮಗಳಿಗೆ "ಹೇಳಿದ್ನಲ್ಲ ಪುಟ್ಟಿ, ಆ ಕುರ್ಚಿ ಮೇಲೆ ಕೂತಿದ್ದಕ್ಕೆ..." ಎಂದು ಶುರು ಮಾಡಿದರು.

ಅವಳು ಮಂಚದ ಪಕ್ಕಕ್ಕೆ ಬಂದು ನಿಂತಳು.

"ಅಪ್ಪಾ, ನಿಮ್ಮ ಒಂದು ಹಲ್ಲನ್ನೂ ಯಾರೂ ಕಿತ್ತಿಲ್ಲ."

"ಹ್ಞೂಂ?"

"ಎಲ್ಲಾ ಬಾಯಲ್ಲೇ ಇವೆ. ಆದ್ರೂ ಎದೆ ಹೋಗಿತ್ತಲ್ಲ. ಆ ಡಾಕ್ಟ್ರು ಹಲ್ಲು ನೋಡ್ದೇ ಇದ್ದಿದ್ರೆ ಅಜ್ಜನ ಥರ ಅರ್ಧ ಮೊಳೆ ಹೊಡೆದ ಕುರ್ಚಿ ಮೇಲೆ ಬಿದ್ದಿರ್ತಿದ್ರಿ."

ಇವರು ನಾಲಿಗೆಯಿಂದ ತಮ್ಮ ಹಲ್ಲುಗಳನ್ನು ಒಂದೊಂದಾಗಿ ತಡವಿ ನೋಡಿಕೊಂಡರು. ಕೆನ್ನೆಯೊಳಗೆ ನಾಲಿಗೆ ಹರಿದಾಡುವುದು ಹೊರಗಿನಿಂದಲೇ ಕಾಣುತ್ತಿತ್ತು. ಆಮೇಲೆ ಕಣ್ಣಲ್ಲಿ ನೀರು ಬಂತು. "ಹಂಗಾದ್ರೆ ಅಣ್ಣ..." ಎಂದರು. ಹಲ್ಲು ಕೀಳಿಸಿಕೊಂಡು ಬಂದ ಅಣ್ಣನನ್ನು ಎದೆ ಡಾಕ್ಟರ ಹತ್ತಿರ ಕಳಿಸುವ ಯೋಚನೆ ನಮಗ್ಯಾರಿಗೂ ಬಂದಿರಲಿಲ್ಲ. ಹಲ್ಲನ್ನು ದೂರುತ್ತಾ ಕೂತಿದ್ದೆವು.

ಹೆದರಿಕೆ ಹೋಯಿತು ಎಂದು ನೀವು ತಿಳಿಯಬೇಡಿ. ಅದು ಜಾಗ ಬದಲಿಸಿತು. ಮನೆಗೆ ಬಂದ ಮೇಲೆ ಇವರು ತಮ್ಮ ಎದೆಯ ಮಾತೇ ಆಡಲಿಲ್ಲ. ಮಾತ್ರೆ ನುಂಗುವಾಗಲೂ ಮಗಳ ಬಾಯನ್ನೇ ನೋಡುತ್ತಿದ್ದರು. "ನಾನು ಏನೇನೋ ಕೊಡ್ಬೇಕು ಅಂದ್ಕೊಂಡಿದ್ದೆ ಇವಳಿಗೆ. ಕೊಟ್ಟಿದ್ದು ಇದು ನೋಡು" ಎಂದು ಒಂದು ದಿನ ಅಂದರು. ನಿಮ್ಮಪ್ಪ ನಿಮ್ಮನ್ನು ಕೇಳಿ ಕೊಟ್ಟಿದ್ದರೇ, ಸುಮ್ಮನಿರಿ ಎಂದು ಗದರಿದೆ. ಗದರಿದೆನೇ ಹೊರತು ನನ್ನ ಒಳಗೂ ಅದೇ ಉರಿಯುತ್ತಿತ್ತು. ಕಲ್ಲಿನಂಥ ನನ್ನ ಹಲ್ಲಿನಿಂದ ಏನು ಪ್ರಯೋಜನ? ಮಗಳಿಗೆ ನನ್ನ ಮೂಗು ಬಂತು, ಮುಂಗೋಪ ಬಂತು, ಬೇಕಾದದ್ದು ಮಾತ್ರ ಬರಲಿಲ್ಲ.

ಇವರ ಹಲ್ಲಿಗೆ ಕೈ ಹಾಕಲು ಎದೆ ಡಾಕ್ಟರು ಒಪ್ಪುವವರೆಗೆ ಕಾಯಬೇಕಿತ್ತು. ಮಗಳಿಗೆ ಕಾಯುವಂತಿರಲಿಲ್ಲ. ಅವಳೇ ಒಂದು ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡು "ನಡಿಯಮ್ಮ" ಎಂದಳು. ತುಟಿ ಬಿಳಿಚಿಕೊಂಡಿತ್ತು. ಇವರೂ ಬರುತ್ತೇನೆಂದು ಹೊರಟರು, ಬೇಡವೆಂದರೆ ಕೇಳುವವರೇ? ನಾವಿಬ್ಬರೂ ಮುಂದೆ ಹತ್ತಿದೆವು. ಇವರು ಹಿಂದೆ ಒಂದೊಂದೇ ಮೆಟ್ಟಿಲು ನಿಂತು ನಿಂತು ಬರುತ್ತಿದ್ದರು.

ಇವರು ಬರುವಷ್ಟರಲ್ಲಿ ಡಾಕ್ಟರು ಮಗಳನ್ನು ಪರದೆಯ ಒಳಗೆ ಕೂರಿಸಿ, ನನಗೆ ವಿವರಿಸಿಯಾಗಿತ್ತು. ಸಣ್ಣ ಕಡ್ಡಿಯಂಥದ್ದನ್ನು ಹಲ್ಲಿಗೂ ವಸಡಿಗೂ ನಡುವೆ ಇಳಿಸಿ, ವಸಡು ಎಷ್ಟು ಆಳ ಬಿಟ್ಟುಕೊಂಡಿದೆ ಎಂದು ಅಳೆಯುತ್ತಾರೆ. ಡಾಕ್ಟರು ಅಂಕಿ ಕೂಗುತ್ತಾರೆ, ಪಕ್ಕದಲ್ಲಿರುವ ನರ್ಸು ಬರೆದುಕೊಳ್ಳುತ್ತಾಳೆ. ಮೂರು ಮಿಲಿಮೀಟರಿನೊಳಗಿದ್ದರೆ ಸರಿ. ಮೇಲೆ ಹೋದಷ್ಟೂ ಕೆಟ್ಟದ್ದು.

ಇವರು ಏದುಸಿರು ಬಿಡುತ್ತಾ ಬಂದು ನನ್ನ ಪಕ್ಕ ಬೆಂಚಿನ ಮೇಲೆ ಕೂತರು. ಒಳಗಿನಿಂದ ಡಾಕ್ಟರ ದನಿ ಕೇಳಿಸುತ್ತಿತ್ತು.

"ಮೂರು... ನಾಲ್ಕು... ನಾಲ್ಕು..."

"ಏನದು?"

"ಅಳೀತಿದ್ದಾರೆ" ಎಂದೆ.

"ಐದು... ಆರು..."

ಇವರು ಮುಂದಕ್ಕೆ ಬಾಗಿ ಕಿವಿಗೊಟ್ಟರು. ಮಗಳು ಶಾಲೆಯಲ್ಲಿದ್ದಾಗ ಫಲಿತಾಂಶ ಓದುವ ದಿನ ಹೀಗೇ ಕೂರುತ್ತಿದ್ದರು. "ಏಳು" ಎಂದಾಗ ನನ್ನ ಕೈ ಹಿಡಿದು ಅಮುಕಿದರು. ಮುಖದಲ್ಲಿ ಎಷ್ಟೋ ದಿನದ ಮೇಲೆ ಬೆಳಕು ಬಂದಿತ್ತು.

"ನಮ್ಮ ಹುಡುಗೀದು ಮೇಲಕ್ಕೆ ಹೋಗ್ತಾ ಇದೆ ಅಲ್ವೇನೇ? ಹತ್ತಕ್ಕೆ ಅಳೀತಾರೆ ಅನ್ಸುತ್ತೆ."



"ಎಂಟು" ಎಂದರು ಒಳಗೆ.

ಇವರು ನಕ್ಕರು, ಕೈ ಅಡ್ಡ ಹಿಡಿಯದೆ. ಹೌದು ಎಂದುಬಿಡೋಣ ಎನಿಸಿತು. ಇನ್ನೂ ಹಸಿ ಎದೆ, ಇವತ್ತೊಂದು ದಿನ ಸಂತೋಷವಾಗಿರಲಿ. ಆದರೆ ನಮ್ಮ ಮನೆಯಲ್ಲಿ ಒಬ್ಬರಿಂದ ಒಬ್ಬರು ಮುಚ್ಚಿಟ್ಟದ್ದು ಸಾಕಾಗಿತ್ತು.

"ಜಾಸ್ತಿ ಬಂದಷ್ಟೂ ಕೆಟ್ಟದ್ದು ಕಣ್ರೀ" ಎಂದೆ.

ಇವರ ಕೈ ನನ್ನ ಕೈಯಲ್ಲೇ ಸಡಿಲವಾಯಿತು. ಆಮೇಲೆ ಬೆಂಚಿಗೆ ಕೈಯೂರಿ ಎದ್ದು, ನಾನು ತಡೆಯುವಷ್ಟರಲ್ಲಿ ಪರದೆ ಸರಿಸಿ ಒಳಗೆ ಹೋದರು. ನಾನು ಹಿಂದೆಯೇ ಓಡಿದೆ.

ಮಗಳು ಬಾಯಿ ತೆರೆದುಕೊಂಡು ಒರಗಿದ್ದಳು. ಕೆನ್ನೆಯೊಳಗೆ ಹತ್ತಿ, ಕಣ್ಣಂಚಿನಿಂದ ಕಿವಿಯವರೆಗೆ ಇಳಿದ ನೀರು. ಅಪ್ಪನನ್ನು ಕಂಡು ಅವಳ ಕಣ್ಣು ಇನ್ನೂ ಅಗಲವಾಯಿತು.

"ಡಾಕ್ಟ್ರೇ" ಎಂದರು ಇವರು. "ಎಂಟು ಬಂತಲ್ಲ, ಆ ಹಲ್ಲು. ಕೀಳ್ಬೇಕಾದ್ರೆ ಕಿತ್ಬಿಡಿ. ನಾನು ಬೇಡ ಅನ್ನಲ್ಲ."

"ಉಳಿಸೋಕೆ ನೋಡ್ತೀನಿ. ಆಗದಿದ್ರೆ ಕೀಳ್ತೀನಿ. ನೀವು ಹೊರಗೆ ಕೂತ್ಕೊಳ್ಳಿ."

"ಆಯ್ತು" ಎಂದರು, ಆದರೆ ಹೋಗಲಿಲ್ಲ. ಅವಳ ಒಂದು ಕೈಯ ಪಕ್ಕ ಡಾಕ್ಟರಿದ್ದರು, ಇನ್ನೊಂದರ ಪಕ್ಕ ನರ್ಸು. ಹಿಡಿಯಲು ಬೇರೇನೂ ಸಿಗದೆ ಇವರು ಕುರ್ಚಿಯ ತುದಿಗೆ ಹೋಗಿ ಮಗಳ ಪಾದ ಹಿಡಿದುಕೊಂಡು ನಿಂತರು. ಡಾಕ್ಟರು ಮತ್ತೆ ಕಡ್ಡಿ ಇಳಿಸಿದರು. ನಾನು ಪರದೆಯ ಬಳಿ ನಿಂತು ಮುಂದಿನ ಅಂಕಿಗೆ ಕಿವಿಗೊಟ್ಟೆ.